ಕೂಡುವ ಮೂಳೆ, ಕೂಡದ ಹುರಿ: ಬೆನ್ನುಹುರಿಯ ನರತಂತುಗಳು ಮರಳಿ ಬೆಳೆಯದಿರುವುದೇಕೆ?

ಪಾಠದ ಹಿನ್ನೆಲೆ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ನರಮಂಡಲದ ಪಾಠವಿದೆ. ನರಕೋಶದ ಚಿತ್ರ ಬಿಡಿಸಿ, ಭಾಗಗಳನ್ನು ಹೆಸರಿಸಿ, ಪ್ರತಿವರ್ತನ ಚಾಪವನ್ನು ವಿವರಿಸಿದರೆ ಪರೀಕ್ಷೆಯ ದೃಷ್ಟಿಯಿಂದ ಪಾಠ ಮುಗಿಯುತ್ತದೆ. ಆದರೆ ಪಣಕಹಳ್ಳಿಯಂತಹ ಊರಿನ ಶಾಲೆಯಲ್ಲಿ ಪಾಠ ಅಲ್ಲಿಗೆ ನಿಲ್ಲುವುದಿಲ್ಲ. ತಾಳವಾಡಿ ಬೆಟ್ಟಸೀಮೆಯ ಮಕ್ಕಳು ತೆಂಗಿನ ಮರ, ಹುಣಸೆ ಮರ ಹತ್ತುವವರ ಮನೆಯಿಂದ ಬರುತ್ತಾರೆ. ಬಾವಿ ತೋಡುವವರು, ಮೂಟೆ ಹೊರುವವರು, ಘಾಟಿ ರಸ್ತೆಯಲ್ಲಿ ವಾಹನ ಓಡಿಸುವವರು ಅವರ ನೆಂಟರಿಷ್ಟರು. ನಮ್ಮ ದೇಶದಲ್ಲಿ ಬೆನ್ನುಹುರಿಗೆ ಪೆಟ್ಟಾಗುವ ಮುಖ್ಯ ಕಾರಣಗಳು ಎರಡು: ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತ. ಈ ಎರಡೂ ನಮ್ಮ ಮಕ್ಕಳ ಬದುಕಿಗೆ ದೂರದ ಸಂಗತಿಗಳಲ್ಲ.

ಆದುದರಿಂದ ಈ ಪಾಠದ ನಡುವೆ ಒಂದು ಮಗು ಎದ್ದು ನಿಂತು, "ಟೀಚರ್, ಬೆನ್ನುಮೂಳೆ ಕೂಡಿಕೊಂಡಿದೆ ಅಂತ ಡಾಕ್ಟರು ಹೇಳಿದರು. ಆದರೂ ನಮ್ಮ ಮಾವನಿಗೆ ಕಾಲು ಯಾಕೆ ಬಂದಿಲ್ಲ?" ಎಂದು ಕೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಈ ಪ್ರಶ್ನೆಗೆ "ಅದು ಹಣೆಬರಹ" ಎಂಬ ಉತ್ತರವೂ ಸಲ್ಲದು, "ಎಲ್ಲಾ ಸರಿಹೋಗುತ್ತದೆ" ಎಂಬ ಉತ್ತರವೂ ಸಲ್ಲದು. ಮೊದಲನೆಯದು ಮಗುವಿನ ಬುದ್ಧಿಗೆ ಮಾಡುವ ಅನ್ಯಾಯ. ಎರಡನೆಯದು ಆ ಮನೆಯನ್ನು ಸಾಲದತ್ತ, ಸುಳ್ಳು ಚಿಕಿತ್ಸೆಯತ್ತ ತಳ್ಳಬಹುದಾದ ಮಾತು. ಶಿಕ್ಷಕರು ನಿಜವಾದ ಉತ್ತರವನ್ನು ಸರಳವಾಗಿ ಹೇಳಬಲ್ಲವರಾಗಬೇಕು. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಒದಗಿಸುವುದು ಈ ಲೇಖನದ ಉದ್ದೇಶ.

ಮೊದಲು ಪದಗಳನ್ನು ತಿಳಿಯೋಣ

ಕನ್ನಡದಲ್ಲಿ ಈ ಅಂಗಕ್ಕೆ ಎರಡು ಹೆಸರುಗಳು ಬಳಕೆಯಲ್ಲಿವೆ: ಮಿದುಳುಬಳ್ಳಿ ಮತ್ತು ಬೆನ್ನುಹುರಿ. ಮಿದುಳಿನಿಂದ ಇಳಿದುಬರುವುದು ಎಂಬ ಅರ್ಥದಲ್ಲಿ 'ಬಳ್ಳಿ' ಸೊಗಸಾದ ಪದವೇ. ಆದರೆ ಹಿತ್ತಲಿನ ಕುಂಬಳಬಳ್ಳಿಯನ್ನು ಕಂಡ ಮಗು, ಕತ್ತರಿಸಿದರೆ ಇದೂ ಚಿಗುರಬಹುದು ಎಂದು ಭಾವಿಸುವ ಸಾಧ್ಯತೆಯಿದೆ. 'ಹುರಿ' ಎಂಬ ಪದ ಇಲ್ಲಿ ಹೆಚ್ಚು ಉಪಕಾರಿ. ಹಲವು ಎಳೆಗಳನ್ನು ಹೊಸೆದು ಮಾಡಿದ್ದು ಹುರಿ. ಬೆನ್ನುಹುರಿಯೂ ಲಕ್ಷಾಂತರ ಸೂಕ್ಷ್ಮ ಎಳೆಗಳ ಕಟ್ಟು. ಆದುದರಿಂದ ಈ ಲೇಖನದಲ್ಲಿ ಬೆನ್ನುಹುರಿ ಎಂಬ ಪದವನ್ನೇ ಬಳಸಲಾಗಿದೆ.

'ನರ' ಎಂಬ ಪದದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಡುಮಾತಿನಲ್ಲಿ ಮುಂಗೈ ಮೇಲೆ ಉಬ್ಬಿ ಕಾಣುವ ರಕ್ತನಾಳವೂ ನರವೇ, ಹಿಮ್ಮಡಿಯ ಮೇಲಿನ ಗಟ್ಟಿ ಸ್ನಾಯುಬಂಧವೂ ನರವೇ. ವಿಜ್ಞಾನದ ಪಾಠದಲ್ಲಿ ಹಾಗಲ್ಲ. ಸಂದೇಶವನ್ನು ಒಯ್ಯುವ ನರಕೋಶಗಳ ಉದ್ದನೆಯ ಎಳೆಗಳ ಕಟ್ಟಿಗೆ ಮಾತ್ರ ಇಲ್ಲಿ ನರವೆಂದು ಹೆಸರು. ಈ ವ್ಯತ್ಯಾಸವನ್ನು ಪಾಠದ ಆರಂಭದಲ್ಲಿಯೇ ಸ್ಪಷ್ಟಪಡಿಸಿದರೆ ಮುಂದಿನ ಗೊಂದಲ ತಪ್ಪುತ್ತದೆ.

ಹುರಿಯ ರಚನೆ

ವಯಸ್ಕರಲ್ಲಿ ಬೆನ್ನುಹುರಿಯ ಉದ್ದ ಸುಮಾರು 45 ಸೆಂಟಿಮೀಟರ್. ದಪ್ಪ ಹೆಚ್ಚುಕಡಿಮೆ ಒಂದು ಬೆರಳಿನಷ್ಟು. ಅದು ಬೆನ್ನುಮೂಳೆಯ ಕೊನೆಯವರೆಗೆ ಇಳಿಯುವುದಿಲ್ಲ. ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿ ಮುಗಿಯುತ್ತದೆ. ಅದರಿಂದ 31 ಜೊತೆ ನರಗಳು ಹೊರಟು ಕೈಕಾಲುಗಳಿಗೂ ಮೈಗೂ ಹರಡುತ್ತವೆ. ಬೆನ್ನುಮೂಳೆ ಎಂಬುದು ಈ ಹುರಿಯನ್ನು ಕಾಯುವ ಮಣಿಗಳ ಕೊಳವೆ. ಮೂಳೆ ಬೇರೆ, ಹುರಿ ಬೇರೆ. ಮೇಲಿನ ಮಗುವಿನ ಪ್ರಶ್ನೆಗೆ ಉತ್ತರದ ಮೊದಲ ಅರ್ಧ ಇಲ್ಲಿಯೇ ಇದೆ: ಕೂಡಿಕೊಂಡದ್ದು ಕೊಳವೆ, ಕೆಟ್ಟಿರುವುದು ಅದರೊಳಗಿನ ಹುರಿ.

ಒಂದು ನರಕೋಶಕ್ಕೆ ಕೋಶಕಾಯ, ಸಂದೇಶ ಪಡೆಯುವ ಡೆಂಡ್ರೈಟುಗಳು ಮತ್ತು ಸಂದೇಶ ಕಳುಹಿಸುವ ಆಕ್ಸಾನ್ ಎಂಬ ಉದ್ದನೆಯ ತಂತು ಇರುತ್ತವೆ. ಕಾಲನ್ನು ಆಡಿಸಬೇಕೆಂಬ ಆಜ್ಞೆ ಮಿದುಳಿನ ಹೊರಪದರದ ನರಕೋಶದಲ್ಲಿ ಹುಟ್ಟುತ್ತದೆ. ಆ ಕೋಶದ ಆಕ್ಸಾನ್ ಬೆನ್ನುಹುರಿಯೊಳಗೆ ಇಳಿದು, ಕೆಳಭಾಗದಲ್ಲಿರುವ ಎರಡನೆಯ ಹಂತದ ನರಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಎರಡನೆಯ ನರಕೋಶದ ಆಕ್ಸಾನ್ ಹುರಿಯಿಂದ ಹೊರಬಿದ್ದು ಕಾಲಿನ ಸ್ನಾಯುವನ್ನು ತಲುಪುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಶಕಾಯವೊಂದು ಮೊಳಕ್ಕಿಂತ ಉದ್ದವಾದ ತಂತುವನ್ನು ಪೋಷಿಸುತ್ತದೆ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ತಂತು ನಡುವೆ ತುಂಡಾದರೆ ಕೋಶಕಾಯದಿಂದ ಬೇರ್ಪಟ್ಟ ಕೆಳಭಾಗ ಪೋಷಣೆಯಿಲ್ಲದೆ ನಾಶವಾಗುತ್ತದೆ. ಇದನ್ನು ಅಗಸ್ಟಸ್ ವಾಲರ್ ಎಂಬ ವಿಜ್ಞಾನಿ 1850ರಲ್ಲಿ ಕಪ್ಪೆಯ ನರದಲ್ಲಿ ತೋರಿಸಿಕೊಟ್ಟನು.

ಇಲ್ಲಿ ಒಂದು ಸೂಕ್ಷ್ಮವಿದೆ. ಬೆನ್ನುಹುರಿಗೆ ಪೆಟ್ಟಾದಾಗ ಆ ಜಾಗದಲ್ಲಿರುವ ಕೆಲವು ನರಕೋಶಗಳು ಸತ್ತೇಹೋಗುತ್ತವೆ. ಬೆಳೆದ ನರಕೋಶ ವಿಭಜನೆ ಹೊಂದುವುದಿಲ್ಲವಾದ್ದರಿಂದ ಅವುಗಳ ಸ್ಥಾನ ತುಂಬದು. ಪೋಲಿಯೊ ರೋಗದಲ್ಲಿ ಆಗುವುದೂ ಇದೇ: ಹುರಿಯೊಳಗಿನ, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನೇ ವೈರಸ್ ಕೊಲ್ಲುತ್ತದೆ. ಆದರೆ ಅಪಘಾತದಲ್ಲಿ ಆಗುವ ದೊಡ್ಡ ನಷ್ಟ, ಆ ಜಾಗವನ್ನು ಹಾದುಹೋಗುವ ಆಕ್ಸಾನುಗಳ ಕಡಿತ. ಅವುಗಳ ಕೋಶಕಾಯ ದೂರದ ಮಿದುಳಿನಲ್ಲಿ ಬಹುಮಟ್ಟಿಗೆ ಜೀವಂತವಾಗಿಯೇ ಉಳಿದಿರುತ್ತದೆ. ಆದುದರಿಂದ ನಿಜವಾದ ಪ್ರಶ್ನೆ ಇದು: ಕೋಶ ಬದುಕಿದ್ದರೂ ತಂತು ಏಕೆ ಮರಳಿ ಬೆಳೆಯುವುದಿಲ್ಲ?

ಪೆಟ್ಟು ಬಿದ್ದ ಮೇಲೆ ನಡೆಯುವುದೇನು?

ಬೆನ್ನುಹುರಿ ಕತ್ತಿಯಿಂದ ಕೊಯ್ದಂತೆ ಎರಡು ತುಂಡಾಗುವುದು ಅಪರೂಪ. ಮುರಿದ ಅಥವಾ ಜರುಗಿದ ಮೂಳೆ ಹುರಿಯನ್ನು ಒತ್ತಿ ಜಜ್ಜುತ್ತದೆ. ಇದು ಮೊದಲನೆಯ ಪೆಟ್ಟು; ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಆಮೇಲೆ ಗಂಟೆಗಳು, ದಿನಗಳು, ವಾರಗಳ ಕಾಲ ಎರಡನೆಯ ಪೆಟ್ಟು ಮುಂದುವರಿಯುತ್ತದೆ. ರಕ್ತಸ್ರಾವವಾಗುತ್ತದೆ, ಬಾವು ಬರುತ್ತದೆ, ಇಕ್ಕಟ್ಟಾದ ಮೂಳೆಕೊಳವೆಯೊಳಗೆ ರಕ್ತಸಂಚಾರ ಕುಂದುತ್ತದೆ. ಒಡೆದ ಕೋಶಗಳಿಂದ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಮಿತಿಮೀರಿ ಹರಿದು ಪಕ್ಕದ ಆರೋಗ್ಯವಂತ ಕೋಶಗಳನ್ನೂ ಕೆಡಿಸುತ್ತದೆ. ಹೀಗೆ ಗಾಯವು ಮೊದಲು ಇದ್ದುದಕ್ಕಿಂತ ಹಿಗ್ಗುತ್ತದೆ. ಕೊನೆಗೆ ಎಷ್ಟೋ ವೇಳೆ ಅಲ್ಲಿ ದ್ರವ ತುಂಬಿದ ಪೊಳ್ಳೊಂದು ಉಳಿಯುತ್ತದೆ. ಅಪಘಾತವಾದ ಮೊದಲ ಕೆಲವು ಗಂಟೆಗಳು ಏಕೆ ಅಮೂಲ್ಯವೆಂಬುದು ಇದರಿಂದ ತಿಳಿಯುತ್ತದೆ.

ಕೈಯ ನರ ಬೆಳೆಯುವ ಬಗೆ

ಬೆನ್ನುಹುರಿಯನ್ನು ಅರಿಯಲು ಕೈಯ ನರದೊಡನೆ ಹೋಲಿಸುವುದು ಒಳ್ಳೆಯ ದಾರಿ. ಕಬ್ಬು ಕಡಿಯುವಾಗ ಮಚ್ಚು ಜಾರಿ ಮಣಿಕಟ್ಟಿನ ನರ ತುಂಡಾಯಿತೆಂದು ಭಾವಿಸೋಣ. ಬೆರಳುಗಳ ಸ್ಪರ್ಶಜ್ಞಾನ ಹೋಗುತ್ತದೆ. ಶಸ್ತ್ರವೈದ್ಯರು ಎರಡು ತುದಿಗಳನ್ನು ಸೇರಿಸಿ ಹೊಲಿದರೆ ತಿಂಗಳುಗಳು ಕಳೆದಂತೆ ಸ್ವಲ್ಪಸ್ವಲ್ಪವಾಗಿ ಸ್ಪರ್ಶ ಮರಳತೊಡಗುತ್ತದೆ. ನರತಂತು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳತುದಿಗೆ 18 ಸೆಂಟಿಮೀಟರ್ ಎಂದುಕೊಂಡರೆ 180 ದಿನ, ಅಂದರೆ ಆರು ತಿಂಗಳು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು.

ಇದು ಸಾಧ್ಯವಾಗುವುದು ಶ್ವಾನ್ ಕೋಶಗಳಿಂದ. (ಇದು ಥಿಯೋಡರ್ ಶ್ವಾನ್ ಎಂಬ ಜರ್ಮನ್ ವಿಜ್ಞಾನಿಯ ಹೆಸರಿನಿಂದ ಬಂದ ಪದ, ನಾಯಿ ಎಂಬ ಅರ್ಥದ 'ಶ್ವಾನ'ಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಕನ್ನಡ ಮಾಧ್ಯಮದ ಮಕ್ಕಳಿಗೆ ಹೇಳುವುದು ಅಗತ್ಯ.) ಕೈಕಾಲುಗಳ ನರಗಳಲ್ಲಿ ಆಕ್ಸಾನಿನ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಸುತ್ತುವವು ಈ ಕೋಶಗಳೇ. ನರ ತುಂಡಾದೊಡನೆ ಅವು ತಮ್ಮ ಕೆಲಸವನ್ನು ಬದಲಿಸುತ್ತವೆ. ಬಿಳಿರಕ್ತಕೋಶಗಳೊಡನೆ ಸೇರಿ ಕೆಲವೇ ವಾರಗಳಲ್ಲಿ ಹಳೆಯ ಮಯಲಿನ್ ಚೂರುಗಳನ್ನು ಸ್ವಚ್ಛಗೊಳಿಸುತ್ತವೆ. ಸಾಲಾಗಿ ನಿಂತು ಹೊಸ ತಂತುವಿಗೆ ಓಣಿಯನ್ನು ನಿರ್ಮಿಸುತ್ತವೆ. ಬೆಳವಣಿಗೆಗೆ ಪ್ರೇರಕವಾದ ಪ್ರೋಟೀನುಗಳನ್ನು ಸ್ರವಿಸುತ್ತವೆ. ಇತ್ತ ನರಕೋಶವೂ ಬಾಲ್ಯದಲ್ಲಿ ಬಳಸಿ ಮುಚ್ಚಿಟ್ಟಿದ್ದ ಬೆಳವಣಿಗೆಯ ಜೀನುಗಳನ್ನು ಮತ್ತೆ ತೆರೆಯುತ್ತದೆ. ಹೊಲ ಹದವಾಗಿದೆ, ಬೀಜವೂ ಮೊಳೆಯಲು ಸಿದ್ಧವಾಗಿದೆ.

ಬೆನ್ನುಹುರಿಯಲ್ಲಿರುವ ತಡೆಗಳು

ಬೆನ್ನುಹುರಿಯಲ್ಲಿ ಹೊಲವೂ ಹದವಾಗಿಲ್ಲ, ಬೀಜವೂ ಸಿದ್ಧವಾಗಿಲ್ಲ. ತಡೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಮಯಲಿನ್ನಿನ ಚೂರುಗಳು. ಮಿದುಳು ಮತ್ತು ಬೆನ್ನುಹುರಿಯಲ್ಲಿ ಮಯಲಿನ್ ಹೊದಿಕೆ ಮಾಡುವುದು ಶ್ವಾನ್ ಕೋಶವಲ್ಲ, ಆಲಿಗೊಡೆಂಡ್ರೋಸೈಟ್ ಎಂಬ ಬೇರೊಂದು ಕೋಶ. ಅದು ಶ್ವಾನ್ ಕೋಶದಂತೆ ಸ್ವಚ್ಛತೆಯ ಕೆಲಸಕ್ಕೆ ನಿಲ್ಲುವುದಿಲ್ಲ. ಕೈಯ ನರದಲ್ಲಿ ವಾರಗಳಲ್ಲಿ ಮುಗಿಯುವ ಶುದ್ಧೀಕರಣ ಇಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟೇ ಅಲ್ಲ, ಈ ಮಯಲಿನ್ನಿನಲ್ಲಿಯೇ ತಂತುವಿನ ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳಿವೆ. ಜ್ಯೂರಿಕ್ ನಗರದ ಮಾರ್ಟಿನ್ ಶ್ವಾಬ್ ಮತ್ತು ಸಂಗಡಿಗರು 1988ರಲ್ಲಿ ಇದನ್ನು ತೋರಿಸಿದರು. ಅಂತಹ ಒಂದು ಪ್ರೋಟೀನಿಗೆ 'ನೋಗೋ' ಎಂದು ಹೆಸರಿಡಲಾಗಿದೆ. 'ಮುಂದೆ ಹೋಗಬೇಡ' ಎಂಬುದು ಆ ಇಂಗ್ಲಿಷ್ ಹೆಸರಿನ ಭಾವ.

ಎರಡನೆಯದು, ಗಾಯದ ಕಲೆ. ಪೆಟ್ಟಾದ ಜಾಗದ ಸುತ್ತ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳು ಒತ್ತಾಗಿ ಸೇರಿ ಬೇಲಿಯೊಂದನ್ನು ಕಟ್ಟುತ್ತವೆ. ಈ ಜಾಗದಲ್ಲಿ ಸಕ್ಕರೆಯ ಸರಪಣಿಗಳನ್ನು ಹೊತ್ತ ಕೆಲವು ಪ್ರೋಟೀನುಗಳು ಶೇಖರವಾಗುತ್ತವೆ. ಬೆಳೆಯುವ ತಂತುವಿನ ತುದಿ ಅವುಗಳನ್ನು ಸೋಕಿದೊಡನೆ ಹಿಂಜರಿಯುತ್ತದೆ. ಆ ಸಕ್ಕರೆಯ ಸರಪಣಿಗಳನ್ನು ಕತ್ತರಿಸುವ ಕಿಣ್ವವೊಂದನ್ನು ಕೊಟ್ಟಾಗ ಇಲಿಗಳ ಚಲನೆಯಲ್ಲಿ ಸುಧಾರಣೆ ಕಂಡುಬಂದುದನ್ನು ಲಂಡನ್ನಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ಹಾಗೆಂದು ಬೇಲಿಯನ್ನು ಶತ್ರುವೆಂದೇ ಬಗೆಯಬಾರದು. ಅದು ಉರಿಯೂತ ಹರಡದಂತೆ ತಡೆದು ಉಳಿದ ಭಾಗವನ್ನು ಕಾಪಾಡುತ್ತದೆ. ಇಲಿಗಳಲ್ಲಿ ಆ ಬೇಲಿ ಕಟ್ಟದಂತೆ ಮಾಡಿದರೂ ತಂತುಗಳು ತಾವಾಗಿ ಬೆಳೆಯಲಿಲ್ಲವೆಂದು 2016ರ ಅಧ್ಯಯನವೊಂದು ತೋರಿಸಿದೆ. ಬೆಳೆಯನ್ನು ಕಾಯುವ ಮುಳ್ಳುಬೇಲಿಯೇ ಕೆಲವೊಮ್ಮೆ ದಾರಿಗೂ ಅಡ್ಡವಾಗುವಂತೆ ಇದು.

ಮೂರನೆಯದು, ಪೊಳ್ಳು. ದ್ರವ ತುಂಬಿದ ಜಾಗದಲ್ಲಿ ತಂತುವಿಗೆ ಹಿಡಿದು ಸಾಗಲು ಆಸರೆಯಿಲ್ಲ. ಬಳ್ಳಿಗೆ ಚಪ್ಪರ ಬೇಕಾದಂತೆ ಬೆಳೆಯುವ ಆಕ್ಸಾನಿಗೂ ಆಧಾರ ಬೇಕು.

ನಾಲ್ಕನೆಯದು, ಕೋಶದೊಳಗಿನ ತಡೆ. ಗರ್ಭದಲ್ಲಿರುವಾಗ ಈ ನರಕೋಶಗಳು ಉತ್ಸಾಹದಿಂದ ತಂತು ಬೆಳೆಸಿದ್ದವು. ಗುರಿ ಮುಟ್ಟಿ ಸಂಪರ್ಕ ಸ್ಥಾಪಿಸಿದ ಮೇಲೆ ಆ ಸಾಮರ್ಥ್ಯ ಕುಗ್ಗಿಹೋಗುತ್ತದೆ. ಬೆಳವಣಿಗೆಗೆ ಕಡಿವಾಣ ಹಾಕುವ ಜೀನುಗಳಲ್ಲಿ 'ಪಿಟೆನ್' ಎಂಬುದೊಂದು. ಇಲಿಗಳಲ್ಲಿ ಅದನ್ನು ತೆಗೆದುಹಾಕಿದಾಗ ಕಣ್ಣಿನ ನರದ ತಂತುಗಳೂ, ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ತಂತುಗಳೂ ಗಾಯವನ್ನು ದಾಟಿ ಬೆಳೆದುದನ್ನು ಅಮೆರಿಕದ ಬೋಸ್ಟನ್ನಿನ ಪ್ರಯೋಗಾಲಯವೊಂದು 2008 ಮತ್ತು 2010ರಲ್ಲಿ ವರದಿ ಮಾಡಿತು. ಈ ಜೀನು ಕೋಶಗಳು ಮಿತಿಮೀರಿ ಬೆಳೆದು ಕ್ಯಾನ್ಸರ್ ಆಗದಂತೆಯೂ ಕಾಯುತ್ತದೆ. ಆದುದರಿಂದ ಮನುಷ್ಯರಲ್ಲಿ ಅದನ್ನು ಸುಮ್ಮನೆ ತೆಗೆದುಹಾಕುವಂತಿಲ್ಲ.

ಐದನೆಯದು, ಗುರಿಯ ಸಮಸ್ಯೆ. ತಂತು ಬೆಳೆದರೆ ಸಾಲದು. ಲಕ್ಷಾಂತರ ತಂತುಗಳಲ್ಲಿ ಪ್ರತಿಯೊಂದೂ ತನ್ನ ಸರಿಯಾದ ನೆಲೆಯನ್ನು ಹುಡುಕಿ ಸಂಪರ್ಕ ಸಾಧಿಸಬೇಕು. ತಪ್ಪು ಸಂಪರ್ಕವಾದರೆ ನೋವು, ಸೆಳೆತಗಳು ಉಂಟಾಗಬಹುದು.

ದೋಷ ಬೀಜದ್ದೋ, ನೆಲದ್ದೋ?

ಈ ಪ್ರಶ್ನೆಯನ್ನು ವಿಜ್ಞಾನಿಗಳು ನೂರು ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ. ಸ್ಪೇನ್ ದೇಶದ ಸಾಂತಿಯಾಗೋ ರಾಮೋನ್ ಇ ಕಹಾಲ್, ನರಮಂಡಲದ ರಚನೆಯ ಅಧ್ಯಯನಕ್ಕಾಗಿ 1906ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವನು. ಬೆನ್ನುಹುರಿಯ ತುಂಡಾದ ತಂತುಗಳು ಮೊದಲು ಸ್ವಲ್ಪ ಚಿಗುರಿ, ಬಳಿಕ ತುದಿಯಲ್ಲಿ ಉಂಡೆಯಂತೆ ಊದಿಕೊಂಡು ನಿಂತುಬಿಡುವುದನ್ನು ಆತ ಸೂಕ್ಷ್ಮದರ್ಶಕದಲ್ಲಿ ಕಂಡನು. ಆತನ ಶಿಷ್ಯ ತೇಯೋ 1911ರಲ್ಲಿ ಕಾಲಿನ ನರದ ತುಂಡೊಂದನ್ನು ಮೊಲದ ಮಿದುಳಿಗೆ ಕಸಿಮಾಡಿದಾಗ ಮಿದುಳಿನ ತಂತುಗಳು ಅದರೊಳಗೆ ಬೆಳೆದವು. 1981ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸ್ಯಾಮ್ಯುಯಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಇದನ್ನು ನಿಸ್ಸಂದೇಹವಾಗಿ ಸ್ಥಾಪಿಸಿದರು. ಇಲಿಯ ಕಾಲಿನ ನರವನ್ನು ಮಿದುಳುಕಾಂಡಕ್ಕೂ ಬೆನ್ನುಹುರಿಗೂ ನಡುವೆ ಸೇತುವೆಯಂತೆ ಇಟ್ಟಾಗ ಕೇಂದ್ರ ನರಮಂಡಲದ ತಂತುಗಳು ಅದರೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು. ಆದರೆ ಸೇತುವೆ ದಾಟಿ ಮತ್ತೆ ಹುರಿಯೊಳಗೆ ಹೊಕ್ಕೊಡನೆ ನಿಂತವು. ಅಂದರೆ ಬೀಜ ಸತ್ತಿಲ್ಲ, ನೆಲ ಒಗ್ಗುತ್ತಿಲ್ಲ.

ಹಾಗಾದರೆ ದೋಷವೆಲ್ಲ ನೆಲದ್ದೇ ಎನ್ನುವಂತಿಲ್ಲ. ಸ್ಪರ್ಶವನ್ನು ಒಯ್ಯುವ ಒಂದು ಬಗೆಯ ನರಕೋಶದ ಕೋಶಕಾಯ ಬೆನ್ನುಹುರಿಯ ಪಕ್ಕದ ಗಂಟಿನಲ್ಲಿರುತ್ತದೆ. ಅದರ ಒಂದು ಕವಲು ಚರ್ಮಕ್ಕೆ ಹೋದರೆ ಇನ್ನೊಂದು ಕವಲು ಹುರಿಯೊಳಗೆ ಏರುತ್ತದೆ. ಹೊರಗಿನ ಕವಲನ್ನು ಕತ್ತರಿಸಿದರೆ ಅದು ಬೆಳೆಯುತ್ತದೆ. ಒಳಗಿನದನ್ನು ಕತ್ತರಿಸಿದರೆ ಬೆಳೆಯದು. ಒಂದೇ ಕೋಶ, ಎರಡು ಫಲ. ಇನ್ನೂ ಕುತೂಹಲದ ಸಂಗತಿಯೆಂದರೆ, ಹೊರಗಿನ ಕವಲನ್ನು ಒಂದೆರಡು ವಾರ ಮೊದಲೇ ಕತ್ತರಿಸಿ ಕೋಶವನ್ನು 'ಎಚ್ಚರಿಸಿ' ಇಟ್ಟರೆ, ಆಮೇಲೆ ಕತ್ತರಿಸಿದ ಒಳಕವಲೂ ಗಾಯದೊಳಕ್ಕೆ ಬೆಳೆಯುತ್ತದೆಂದು 1999ರ ಪ್ರಯೋಗವೊಂದು ತೋರಿಸಿತು. ನೆಲ ಬದಲಾಗಿಲ್ಲ, ಬೀಜದ ಚೈತನ್ಯ ಬದಲಾಗಿದೆ. ಆದುದರಿಂದ ಸರಿಯಾದ ಉತ್ತರ ಇದು: ನೆಲದ ತಡೆಯೂ ಇದೆ, ಬೀಜದ ಜಡತೆಯೂ ಇದೆ, ಎರಡನ್ನೂ ಒಟ್ಟಿಗೆ ಸರಿಪಡಿಸಬೇಕು. ಒಂದೇ ಔಷಧಿಯಿಂದ ಫಲ ಸಿಗದಿರುವುದಕ್ಕೆ ಕಾರಣವೂ ಇದೇ.

ಹಲ್ಲಿಯ ಬಾಲ, ಮೀನಿನ ಹುರಿ

"ಹಲ್ಲಿಗೆ ಬಾಲ ಬರುತ್ತದಲ್ಲ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಹಲ್ಲಿಯ ಹೊಸ ಬಾಲದಲ್ಲಿ ಮೊದಲಿನಂತಹ ಮೂಳೆಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಕೊಳವೆ ಇರುತ್ತದೆ. ಅದರೊಳಗಿನ ಹುರಿಯೂ ಮೂಲ ಹುರಿಯಂತೆ ಪೂರ್ಣವಾಗಿ ರೂಪುಗೊಳ್ಳುವುದಿಲ್ಲ. ಇದಕ್ಕಿಂತ ಅದ್ಭುತವಾದುದು ಜೀಬ್ರಾಮೀನು. ಭಾರತದ ತೊರೆಗಳಲ್ಲಿಯೂ ಸಿಗುವ ಈ ಪಟ್ಟೆಪಟ್ಟೆಯ ಪುಟ್ಟ ಮೀನಿನ ಬೆನ್ನುಹುರಿಯನ್ನು ಕತ್ತರಿಸಿದರೆ ಸುಮಾರು ಆರರಿಂದ ಎಂಟು ವಾರಗಳಲ್ಲಿ ಅದು ಮತ್ತೆ ಈಜುತ್ತದೆ. ಅದರಲ್ಲಿ ಪೋಷಕ ಕೋಶಗಳು ಬೇಲಿ ಕಟ್ಟುವ ಬದಲು ಗಾಯದ ಎರಡು ದಡಗಳ ನಡುವೆ ಸೇತುವೆ ಕಟ್ಟುತ್ತವೆ. ಆಗತಾನೇ ಹುಟ್ಟಿದ ಇಲಿಮರಿಗಳಲ್ಲಿಯೂ ಹುರಿಯ ಗಾಯ ಕಲೆಯಿಲ್ಲದೆ ಮಾಯುತ್ತದೆಂದು 2020ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ.

ಸ್ತನಿಗಳು ಬೆಳೆದಂತೆ ಈ ಶಕ್ತಿಯನ್ನು ಏಕೆ ಕಳೆದುಕೊಳ್ಳುತ್ತವೆ? ಅತಿ ಸಂಕೀರ್ಣವಾದ ನರಜಾಲ ಒಮ್ಮೆ ಸಿದ್ಧವಾದ ಮೇಲೆ ಅದರಲ್ಲಿ ಬೇಕಾಬಿಟ್ಟಿ ಹೊಸ ಎಳೆಗಳು ಬೆಳೆಯದಂತೆ ಕಾಯ್ದುಕೊಳ್ಳುವುದು ದೇಹಕ್ಕೆ ಲಾಭದಾಯಕವಾಗಿರಬೇಕೆಂದು ಹಲವು ವಿಜ್ಞಾನಿಗಳು ಊಹಿಸುತ್ತಾರೆ. ಕಲಿತದ್ದು ಉಳಿಯಲು ಬೇಕಾದ ಸ್ಥಿರತೆಯೇ ಕೆಟ್ಟದ್ದು ಕೂಡದಿರಲು ಕಾರಣವಾಗಿರಬಹುದು. ಇದು ಊಹೆಯೆಂದೇ ಮಕ್ಕಳಿಗೆ ಹೇಳಬೇಕು.

ಇಂದಿನ ಸ್ಥಿತಿ: ಭರವಸೆ ಮತ್ತು ಎಚ್ಚರ

ತುಂಡಾದ ಬೆನ್ನುಹುರಿಯ ತಂತುಗಳನ್ನು ಮನುಷ್ಯರಲ್ಲಿ ಮರಳಿ ಬೆಳೆಸುವ ಸ್ಥಾಪಿತ ಚಿಕಿತ್ಸೆ ಇನ್ನೂ ಇಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಆದರೆ ಇಷ್ಟೇ ಹೇಳಿ ನಿಲ್ಲಿಸುವುದೂ ಸರಿಯಲ್ಲ. ಅನೇಕರ ಗಾಯ ಅಪೂರ್ಣವಾಗಿರುತ್ತದೆ, ಅಂದರೆ ಕೆಲವು ತಂತುಗಳು ಉಳಿದಿರುತ್ತವೆ. ಬಾವು ಇಳಿದಂತೆ, ಉಳಿದ ತಂತುಗಳು ಪಕ್ಕಕ್ಕೆ ಕವಲೊಡೆದಂತೆ, ವ್ಯಾಯಾಮ ಚಿಕಿತ್ಸೆಯಿಂದ ಅವು ಪಳಗಿದಂತೆ ಒಂದಿಷ್ಟು ಶಕ್ತಿ ಮರಳುತ್ತದೆ. ಇದರ ಹೆಚ್ಚಿನ ಪಾಲು ಮೊದಲ ವರ್ಷದಲ್ಲಿಯೇ ಆಗುತ್ತದೆ. ಅದಕ್ಕಾಗಿಯೇ ಆ ಅವಧಿಯಲ್ಲಿ ವ್ಯಾಯಾಮ ಚಿಕಿತ್ಸೆಯನ್ನು ತಪ್ಪಿಸಬಾರದು. ಸ್ವಿಟ್ಜರ್ಲೆಂಡಿನಲ್ಲಿ 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹುರಿಯ ಮೇಲೆ ವಿದ್ಯುತ್ ಪ್ರಚೋದನೆ ನೀಡಿ ಮೂವರು ನಡೆಯುವಂತೆ ಮಾಡಲಾಯಿತು. ಅಲ್ಲಿಯೂ ಮುಖ್ಯವಾಗಿ ನಡೆದದ್ದು ಉಳಿದ ಎಳೆಗಳ ಸದ್ಬಳಕೆ.

ಈ ವ್ಯತ್ಯಾಸ ತಿಳಿಯದ ಕುಟುಂಬಗಳು ವಂಚನೆಗೆ ಒಳಗಾಗುತ್ತವೆ. 'ಸ್ಟೆಮ್ ಸೆಲ್' ಚುಚ್ಚುಮದ್ದಿನಿಂದ ನಡೆಸಿಕೊಡುತ್ತೇವೆಂದು ಲಕ್ಷಗಟ್ಟಲೆ ಹಣ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತಸಂಬಂಧಿ ರೋಗಗಳ ಹೊರತು ಬೇರೆಡೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ನಡೆಯಬೇಕು. ಹೊಲ ಅಡವಿಟ್ಟು ಅಂತಹ ಚಿಕಿತ್ಸೆಗೆ ಹೊರಟ ಮನೆಗೆ ಶಿಕ್ಷಕರ ಒಂದು ಮಾತು ನೆರವಾಗಬಲ್ಲದು: "ಇದು ಪರೀಕ್ಷೆಯೋ ಚಿಕಿತ್ಸೆಯೋ ಎಂದು ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಮೊದಲು ಕೇಳಿ."

ತಂತು ಬೆಳೆಯದಿದ್ದರೂ ಬದುಕು ಬೆಳೆಯುತ್ತದೆ

ಪುರಾತನ ಈಜಿಪ್ಟಿನ ವೈದ್ಯಕೀಯ ಹಸ್ತಪ್ರತಿಯೊಂದು, ಕುತ್ತಿಗೆಯ ಹುರಿಗೆ ಪೆಟ್ಟಾದವನನ್ನು ಚಿಕಿತ್ಸೆಗೆ ಒಳಪಡದವನೆಂದು ಬದಿಗಿರಿಸಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದವರೆಗೂ ಇಂತಹ ರೋಗಿಗಳಲ್ಲಿ ಬಹುಮಂದಿ ಹಾಸಿಗೆಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಬೇಗನೆ ಸಾಯುತ್ತಿದ್ದರು. ಈ ಸ್ಥಿತಿ ಬದಲಾದದ್ದು ತಂತುಗಳನ್ನು ಬೆಳೆಸುವುದರಿಂದಲ್ಲ, ಆರೈಕೆಯ ಕ್ರಮದಿಂದ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಲುಡ್‌ವಿಗ್ ಗುಟ್‌ಮನ್ 1944ರಿಂದ ರೋಗಿಗಳನ್ನು ನಿಯಮಿತವಾಗಿ ಮಗ್ಗುಲು ಬದಲಿಸುವುದು, ಮೂತ್ರಕೋಶದ ಆರೈಕೆ, ವ್ಯಾಯಾಮ, ಆಟ ಇವುಗಳನ್ನು ರೂಢಿಗೆ ತಂದರು. 1948ರಲ್ಲಿ ಅವರು ಏರ್ಪಡಿಸಿದ ಕ್ರೀಡಾಕೂಟವೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು.

ನಮ್ಮ ರಾಜ್ಯದಲ್ಲಿಯೇ ಎರಡು ಉಜ್ವಲ ಉದಾಹರಣೆಗಳಿವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಯುವ ವೈದ್ಯೆ ಮೇರಿ ವರ್ಗೀಸ್ ಅವರ ಬೆನ್ನುಹುರಿಗೆ 1954ರ ರಸ್ತೆ ಅಪಘಾತದಲ್ಲಿ ಪೆಟ್ಟಾಗಿ ಕಾಲುಗಳು ಸ್ವಾಧೀನ ತಪ್ಪಿದವು. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬಳಿಕ ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯಶಾಸ್ತ್ರದ ತರಬೇತಿ ಪಡೆದು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. ಅಲ್ಲಿನ ಪುನರ್ವಸತಿ ಸಂಸ್ಥೆ 1966ರಲ್ಲಿ ಆರಂಭವಾಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಎರಡನೆಯವರು ಎಸ್. ರಾಮಕೃಷ್ಣನ್. ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವರು 1975ರಲ್ಲಿ ನೌಕಾಪಡೆಯ ಆಯ್ಕೆ ಪರೀಕ್ಷೆಗೆಂದು ಬೆಂಗಳೂರಿಗೆ ಹೋದಾಗ ಬಿದ್ದು ಕುತ್ತಿಗೆಯ ಕೆಳಗೆ ಚಲನೆ ಕಳೆದುಕೊಂಡರು. 1981ರಲ್ಲಿ ತಮ್ಮ ಊರಾದ ಆಯಿಕ್ಕುಡಿಯಲ್ಲಿ ಅಮರ್ ಸೇವಾ ಸಂಗಮವನ್ನು ಸ್ಥಾಪಿಸಿ ಅಂಗವಿಕಲ ಮಕ್ಕಳ ಶಿಕ್ಷಣ ಹಾಗೂ ಪುನರ್ವಸತಿಗೆ ದುಡಿದರು. 2020ರಲ್ಲಿ ಅವರಿಗೂ ಪದ್ಮಶ್ರೀ ಘೋಷಣೆಯಾಯಿತು. ಇಬ್ಬರ ಹುರಿಯೂ ಕೂಡಲಿಲ್ಲ. ಇಬ್ಬರೂ ಸಾವಿರಾರು ಬದುಕುಗಳನ್ನು ಕೂಡಿಸಿದರು.

ತರಗತಿಯಲ್ಲಿ ಮಾಡಬಹುದಾದುದು

1. ತೆಂಗಿನ ನಾರಿನ ಹಗ್ಗದ ತುಂಡೊಂದನ್ನು ತಂದು ಅದರ ಎಳೆಗಳನ್ನು ಬಿಡಿಸಿ ತೋರಿಸಬೇಕು. ನಡುವೆ ಕತ್ತರಿಸಿ, ಮೇಲಿನ ಪ್ರತಿ ಎಳೆಗೂ ಕೆಳಗಿನ ಅದೇ ಎಳೆಯನ್ನು ಹುಡುಕಿ ಗಂಟು ಹಾಕುವಂತೆ ಇಬ್ಬರು ಮಕ್ಕಳಿಗೆ ಹೇಳಬೇಕು. ಗುರಿಯ ಸಮಸ್ಯೆ ಏನೆಂಬುದು ವಿವರಣೆಯಿಲ್ಲದೆ ಮನವರಿಕೆಯಾಗುತ್ತದೆ.

2. ಆಡುಮಾತಿನಲ್ಲಿ 'ನರ' ಎಂಬ ಪದ ಬರುವ ವಾಕ್ಯಗಳನ್ನು ಮನೆಯವರಿಂದ ಕೇಳಿ ಬರೆದು ತರಲು ಹೇಳಿ, ಯಾವುದು ರಕ್ತನಾಳ, ಯಾವುದು ಸ್ನಾಯುಬಂಧ, ಯಾವುದು ನಿಜವಾದ ನರವೆಂದು ವಿಂಗಡಿಸಬೇಕು.

3. ಮರದಿಂದ ಬಿದ್ದವರನ್ನು ಹೇಗೆ ಎತ್ತಬೇಕೆಂಬುದನ್ನು ಅಭಿನಯಿಸಿ ತೋರಿಸಬೇಕು. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು, ಕುಳ್ಳಿರಿಸಬಾರದು, ಬೈಕಿನ ನಡುವೆ ಕೂರಿಸಿಕೊಂಡು ಹೋಗಬಾರದು. ಬೇರೆ ಅಪಾಯವಿಲ್ಲದಿದ್ದರೆ ಕದಲಿಸದೆ 108ಕ್ಕೆ ಕರೆ ಮಾಡಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಮಂದಿ ಸೇರಿ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಮರದ ದಿಮ್ಮಿಯನ್ನು ಉರುಳಿಸುವ ಹಾಗೆ ಹೊರಳಿಸಿ, ಹಲಗೆಯ ಮೇಲೋ ಬಾಗಿಲಿನ ಮೇಲೋ ಮಲಗಿಸಿ, ತಲೆ ಅಲುಗದಂತೆ ಎರಡೂ ಬದಿ ಬಟ್ಟೆಯ ಸುರುಳಿ ಇಡಬೇಕು. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೆ ಹೋಗಬೇಕಾದ ನಮ್ಮ ಸೀಮೆಯಲ್ಲಿ ಈ ಎಚ್ಚರ ಎರಡು ಪಟ್ಟು ಅಗತ್ಯ. ಅರ್ಧ ಉಳಿದ ಹುರಿ ಪೂರ್ತಿ ಕೆಡುವುದೂ ಉಳಿಯುವುದೂ ಹಲವು ವೇಳೆ ಎತ್ತುವ ಕೈಗಳ ಮೇಲೆ ನಿಂತಿದೆ.

4. ಮನೆಯಲ್ಲಿ ಇಂತಹ ರೋಗಿಯಿದ್ದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮವನ್ನು ದಿನವೂ ಪರೀಕ್ಷಿಸುವುದು ಏಕೆ ಬೇಕೆಂದು ತಿಳಿಸಬೇಕು. ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಹುಣ್ಣಾದರೂ ನೋವು ತಿಳಿಯದು.

ಶಿಕ್ಷಕರು ಗಮನಿಸಬೇಕಾದ ಇನ್ನೊಂದು ಮಾತಿದೆ. ದುಡಿಯುವವರು ಹಾಸಿಗೆ ಹಿಡಿದ ಮನೆಯ ಮಗು, ವಿಶೇಷವಾಗಿ ಹೆಣ್ಣುಮಗು, ಆರೈಕೆಗೆಂದು ಶಾಲೆ ಬಿಡುವ ಅಪಾಯವಿರುತ್ತದೆ. ಹಾಜರಿಯಲ್ಲಿ ಏರುಪೇರು ಕಂಡೊಡನೆ ಮನೆಗೆ ಹೋಗಿ ವಿಚಾರಿಸಬೇಕು. ಪೆಟ್ಟಾದದ್ದು ವಿದ್ಯಾರ್ಥಿಗೇ ಆಗಿದ್ದರೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಂತೆ ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಇಳಿಜಾರಿನ ಮೆಟ್ಟಿಲು, ಗಾಲಿಕುರ್ಚಿ ಹೋಗುವಷ್ಟು ಅಗಲದ ಶೌಚಾಲಯ, ನೆಲಮಹಡಿಯ ತರಗತಿ, ಇವು ನಾವು ಮಾಡುವ ದಯೆಯಲ್ಲ, ಮಗುವಿಗೆ ಸಲ್ಲಬೇಕಾದ ಸೌಲಭ್ಯಗಳು.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. ಮುರಿದ ಬೆನ್ನುಮೂಳೆ ಕೂಡಿದರೂ ಕಾಲಿನ ಚಲನೆ ಮರಳದಿರಬಹುದು. ಕಾರಣ ತಿಳಿಸಿ.
2. ಶ್ವಾನ್ ಕೋಶಕ್ಕೂ ಆಲಿಗೊಡೆಂಡ್ರೋಸೈಟಿಗೂ ಇರುವ ವ್ಯತ್ಯಾಸವನ್ನು ನರದ ಮರುಬೆಳವಣಿಗೆಯ ದೃಷ್ಟಿಯಿಂದ ವಿವರಿಸಿ.
3. 'ಗಾಯದ ಕಲೆ ಶತ್ರುವೂ ಹೌದು, ಮಿತ್ರನೂ ಹೌದು.' ಸಮರ್ಥಿಸಿ.
4. ಮೊಣಕೈಯಿಂದ 25 ಸೆಂಟಿಮೀಟರ್ ದೂರದಲ್ಲಿರುವ ಮಣಿಕಟ್ಟನ್ನು ತಲುಪಲು ಹೊಸ ನರತಂತುವಿಗೆ ಅಂದಾಜು ಎಷ್ಟು ದಿನ ಬೇಕು?
5. ಹುಣಸೆ ಮರದಿಂದ ಬಿದ್ದವರನ್ನು ಆಸ್ಪತ್ರೆಗೆ ಸಾಗಿಸುವ ಕ್ರಮವನ್ನು ನಿಮ್ಮ ಊರಿನವರಿಗೆ ತಿಳಿಸುವಂತೆ ಒಂದು ಪ್ರಕಟಣೆ ಬರೆಯಿರಿ.

ಕೊನೆಯ ಪ್ರಶ್ನೆಗೆ ಮಕ್ಕಳು ಬರೆದ ಉತ್ತರಗಳಲ್ಲಿ ಉತ್ತಮವಾದುದನ್ನು ಆಯ್ದು, ಕನ್ನಡ ಮತ್ತು ತಮಿಳು ಎರಡರಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಬರೆಸಿ ಪಂಚಾಯತಿ ಕಚೇರಿ, ಹಾಲಿನ ಡೈರಿ ಮತ್ತು ಬಸ್ ನಿಲ್ದಾಣದಲ್ಲಿ ಅಂಟಿಸುವ ವ್ಯವಸ್ಥೆ ಮಾಡಬೇಕು.